ಡ್ಯಾಶ್‌ಬೋರ್ಡ್ ಕೊಯ್ಯುವ ಮೊದಲು

ಕಳೆದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಫೋರ್ಟಿನ ಹಾರ್ನಿಮನ್ ಸರ್ಕಲ್ಲಿನ ಬದಿಯಲ್ಲಿ ಗೆಳೆಯನೊಬ್ಬ ತನ್ನ ಗಾಡಿ ನಿಲ್ಲಿಸಿಕೊಂಡು ನನಗಾಗಿ ಕಾಯುತ್ತಿದ್ದ. ಗಾಡಿ ಎಂದರೆ 1950ರ ದಶಕದ ಡಾಡ್ಜ್ ಪಿಕಪ್. ಸಣ್ಣ ಲಾರಿ ಎಂದರೂ ಸರಿಯೇ. ಅವನ ಸೋದರಮಾವ ಫೋರ್ಟಿನ ಒಂದು ಗಲ್ಲಿಯಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಬೈಕುಳಾದ ತರಕಾರಿ ಮಾರ್ಕೆಟ್ಟಿನಿಂದ ಮೂಟೆ ತರಲು ಕೊಂಡದ್ದು. ಮಾವ ಹೋದರು, ಹೋಟೆಲು ಕೈ ಬದಲಾಯಿತು, ಗಾಡಿ ಮಾತ್ರ ಅಳಿಯನ ಪಾಲಿಗೆ ಉಳಿಯಿತು.

ಬಾಗಿಲು ತೆರೆದು ಡ್ಯಾಶ್‌ಬೋರ್ಡ್ ತೋರಿಸಿದ. ಉಕ್ಕಿನ ತಗಡು, ಅದರ ಮಧ್ಯೆ ಕಂಪನಿಯದೇ ರೇಡಿಯೋ. ಎರಡು ಕಡೆ ಎರಡು ತಿರುಗುಣಿ, ನಡುವೆ ಹಳದಿಗಟ್ಟಿದ ಅಂಕಿಗಳ ಪಟ್ಟಿ. ಮೂವತ್ತು ವರ್ಷದಿಂದ ಅದು ಸದ್ದು ಮಾಡಿಲ್ಲ.

"ಇದನ್ನು ತೆಗೆಸಿಬಿಡುದು ಅಂತ ಮಾಡಿದ್ದೇನೆ. ಮಗನಿಗೆ ಬ್ಲೂಟೂತ್ ಬೇಕಂತೆ. ಅಂಗಡಿಯವ ಹೇಳಿದ, ಹೊಸ ಸೆಟ್ಟು ಈ ತೂತಿಗೆ ಹಿಡಿಯುದಿಲ್ಲ, ಎರಡು ಬದಿ ಸ್ವಲ್ಪ ಕೊಯ್ದರೆ ಆಯ್ತು ಅಂತ. ಎಂತ ಹೇಳ್ತೀ ಮಾರಾಯಾ?"

ಅಲ್ಲಿ ನಿಂತು ನಾನು ಕೊಟ್ಟ ಉತ್ತರ ಸಮಾಧಾನದ್ದಾಗಿರಲಿಲ್ಲ. "ಬೇಡ" ಎಂದಷ್ಟೇ ಹೇಳಿದ್ದೆ. ಯಾಕೆ ಬೇಡ ಎಂದು ಅವನು ಕೇಳಿದಾಗ ತಡವರಿಸಿದೆ. ಈ ಬರಹ ಆ ಉತ್ತರದ ಬಾಕಿ ಭಾಗ.

ಮೊದಲಿಗೆ, ಅವನ ಕಡೆಯ ನ್ಯಾಯವನ್ನು ಒಪ್ಪಿಕೊಳ್ಳಬೇಕು. ಗಾಡಿ ಅವನದು. ಕೆಟ್ಟು ಕೂತ ರೇಡಿಯೋ ಯಾರಿಗೂ ಉಪಯೋಗವಿಲ್ಲ. ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಇಟ್ಟ ಗಾಡಿಗಿಂತ ರಸ್ತೆಯ ಮೇಲೆ ಓಡುವ ಗಾಡಿ ಮೇಲು ಎಂದು ನಂಬಿದವನು ನಾನು. ಮಗನಿಗೆ ಆ ಗಾಡಿಯಲ್ಲಿ ಕೂರುವ ಆಸೆ ಹುಟ್ಟಿಸಲು ಒಂದು ಬ್ಲೂಟೂತ್ ಸಾಕೆಂದಾದರೆ ಅದು ಅಗ್ಗದ ಬೆಲೆಯೇ. ಹಳೆಯದೆಲ್ಲ ಚಿನ್ನ ಎನ್ನುವವರ ಸಾಲಿಗೆ ನಾನು ಸೇರಿಲ್ಲ.

ಹಾಗಾಗಿ ನನ್ನ ತಕರಾರು ರೇಡಿಯೋ ತೆಗೆಯುವುದರ ಬಗ್ಗೆ ಅಲ್ಲ, ತಗಡು ಕೊಯ್ಯುವುದರ ಬಗ್ಗೆ. ಈ ಎರಡನ್ನು ಅಂಗಡಿಯವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ, ನಾವೂ ಒಂದೇ ಕೆಲಸ ಎಂದುಕೊಳ್ಳುತ್ತೇವೆ. ಬಿಚ್ಚಿದ ರೇಡಿಯೋವನ್ನು ಎಂದಾದರೂ ಮತ್ತೆ ಕೂರಿಸಬಹುದು. ಕೊಯ್ದ ತಗಡು ಮತ್ತೆ ಬೆಳೆಯುವುದಿಲ್ಲ.

ಸಮಸ್ಯೆ ಎಲ್ಲಿಂದ ಬರುತ್ತದೆ ಎಂದು ನೋಡಿ. ಇಂದಿನ ಸಾಮಾನ್ಯ ಕಾರ್ ಸ್ಟೀರಿಯೋಗಳ ಮುಖ ಜರ್ಮನಿಯವರು ಗೊತ್ತುಮಾಡಿದ ಒಂದು ಅಳತೆಯಲ್ಲಿರುತ್ತದೆ: ಅಗಲ ಸುಮಾರು 18 ಸೆಂಟಿಮೀಟರ್, ಎತ್ತರ ಸುಮಾರು 5. ಜಗತ್ತಿನ ಯಾವ ಮೂಲೆಯ ಸೆಟ್ಟಾದರೂ ಯಾವ ಕಾರಿಗಾದರೂ ಹಿಡಿಯಲಿ ಎಂಬುದು ಅದರ ಉದ್ದೇಶ. ಐವತ್ತರ ದಶಕದ ಗಾಡಿಗಳಿಗೆ ಅಂಥ ಒಪ್ಪಂದವಿರಲಿಲ್ಲ. ಒಂದೊಂದು ಕಂಪನಿ ತನ್ನ ಡ್ಯಾಶ್‌ಬೋರ್ಡಿನ ವಿನ್ಯಾಸಕ್ಕೆ ತಕ್ಕ ರೇಡಿಯೋ ಮಾಡಿಸುತ್ತಿತ್ತು. ಎಷ್ಟೋ ಗಾಡಿಗಳಲ್ಲಿ ರೇಡಿಯೋ ಹೆಚ್ಚುವರಿ ದುಡ್ಡು ಕೊಟ್ಟವರಿಗೆ ಮಾತ್ರ, ಉಳಿದವರಿಗೆ ಆ ಜಾಗದಲ್ಲಿ ಒಂದು ಮುಚ್ಚಳ. ಅಂದರೆ ಆ ತೂತು, ಅದರ ಸುತ್ತಲಿನ ಬಾಗು, ಸ್ಪೀಕರಿನ ಮುಂದಿನ ಜಾಲರಿ ಎಲ್ಲವೂ ಒಂದೇ ಅಚ್ಚಿನಲ್ಲಿ ಒತ್ತಿದ ತಗಡಿನ ಭಾಗಗಳು. ರೇಡಿಯೋ ಒಂದು ಬಿಡಿಭಾಗ, ಆದರೆ ಅದು ಕೂತ ಜಾಗ ಗಾಡಿಯ ಮೈ.

ಈ ಡಾಡ್ಜ್ ಎಲ್ಲಿಂದ ಬಂತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ, ಅಮೆರಿಕದ ಕ್ರೈಸ್ಲರ್ ಜೊತೆಗಿನ ಒಪ್ಪಂದದಲ್ಲಿ, 1947ರಿಂದ ಕುರ್ಲಾದಲ್ಲಿ ಗಾಡಿಗಳನ್ನು ಜೋಡಿಸತೊಡಗಿತು. ಡಾಡ್ಜ್, ಡಿಸೋಟೊ, ಫಾರ್ಗೊ ಎಂಬ ಹೆಸರುಗಳು ನಮ್ಮ ಊರಿನ ಘಾಟಿಗಳನ್ನು ಹತ್ತಿದ್ದು ಹೀಗೆ. ಅದಕ್ಕೂ ಮೊದಲು, 1928ರಿಂದಲೇ, ಜನರಲ್ ಮೋಟರ್ಸ್ ಇದೇ ಊರಿನ ಶಿವಡಿಯಲ್ಲಿ ಶೆವ್ರೊಲೆ ಗಾಡಿಗಳನ್ನು ಜೋಡಿಸುತ್ತಿತ್ತು. ಹೀಗಾಗಿ ಗೆಳೆಯನ ಪಿಕಪ್ ಬರೀ ಅಮೆರಿಕದ ವಸ್ತುವಲ್ಲ. ಬೊಂಬಾಯಿಯ ಕಾರ್ಮಿಕರ ಕೈ ಅದರ ಮೇಲೆ ಆಡಿದೆ.

ಇನ್ನು ರೇಡಿಯೋ. ಅವನ ಮಾವನ ಕಾಲದ ಒಂದು ಕತೆಯನ್ನು ಅವನೇ ಎಷ್ಟೋ ಸಲ ಹೇಳಿದ್ದಾನೆ. ಹೋಟೆಲಿನಲ್ಲಿ ಕೆಲಸಕ್ಕಿದ್ದ ಕುಂದಾಪುರ, ಉಡುಪಿ ಕಡೆಯ ಹುಡುಗರು ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದರು. ಹಗಲು ಟೇಬಲ್ಲು ಒರೆಸಿ, ರಾತ್ರಿ ಪಾಠ ಕಲಿತು, ವಕೀಲರೂ ಬ್ಯಾಂಕಿನ ಅಧಿಕಾರಿಗಳೂ ಆದ ಆ ಪೀಳಿಗೆಯ ಕತೆ ನಿಮ್ಮಲ್ಲಿ ಹಲವರ ಮನೆಯಲ್ಲೇ ಇದೆ. ಶಾಲೆ ಬಿಟ್ಟು ಬಂದ ಮೇಲೆ, ಹೋಟೆಲಿನ ಬಾಗಿಲು ಹಾಕಿದ ಮೇಲೆ, ಮಾವ ಗಾಡಿಯ ರೇಡಿಯೋ ಹಚ್ಚುತ್ತಿದ್ದರಂತೆ. ಹುಡುಗರು ಪಿಕಪ್ಪಿನ ಹಿಂದೆ, ಮುಂದೆ, ಮಡ್‌ಗಾರ್ಡಿನ ಮೇಲೆ ಕೂತು ಧಾರವಾಡ ಕೇಂದ್ರ ಕೇಳುತ್ತಿದ್ದರಂತೆ.

ಇದು ಉತ್ಪ್ರೇಕ್ಷೆ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ಆಕಾಶವಾಣಿಯ ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಅದರದು ಮಧ್ಯಮ ತರಂಗಾಂತರ. ಮುಂಬಯಿಗೂ ಧಾರವಾಡಕ್ಕೂ ನೇರ ಗೆರೆ ಎಳೆದರೆ ಸುಮಾರು 450 ಕಿಲೋಮೀಟರ್. ಹಗಲಿನಲ್ಲಿ ವಾತಾವರಣದ ಮೇಲಿನ ಒಂದು ಪದರ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಹಾಗಾಗಿ ನೆಲಕ್ಕೆ ಅಂಟಿಕೊಂಡು ಎಷ್ಟು ದೂರ ಹೋಗುತ್ತದೋ ಅಷ್ಟೇ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಹಗಲಿಡೀ ಸಿಗದ ಊರಿನ ಸ್ಟೇಷನ್ನು ರಾತ್ರಿ ಏರಿಳಿಯುವ ದನಿಯಲ್ಲಿ, ಕರಕರ ಸದ್ದಿನ ನಡುವೆ ಸಿಗುವುದು ಇದೇ ಕಾರಣಕ್ಕೆ. ರಾತ್ರಿಶಾಲೆಯ ಹುಡುಗರಿಗೆ ಬಿಡುವು ಸಿಗುತ್ತಿದ್ದ ಹೊತ್ತೂ ಧಾರವಾಡ ಸಿಗುತ್ತಿದ್ದ ಹೊತ್ತೂ ಒಂದೇ.

ಕತೆಗೆ ಇನ್ನೊಂದು ತುಂಡಿದೆ. ಮಾವ ಅರ್ಧ ಗಂಟೆಗಿಂತ ಹೆಚ್ಚು ರೇಡಿಯೋ ಹಚ್ಚಲು ಬಿಡುತ್ತಿರಲಿಲ್ಲ. ಬಿಟ್ಟ ದಿನ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆ ಅದೇ ಹುಡುಗರು ನೂಕಬೇಕಾಗುತ್ತಿತ್ತಂತೆ. ಅದೂ ನಿಜವೇ. ಅದು ವಾಲ್ವ್ ರೇಡಿಯೋ. ಬ್ಯಾಟರಿ ಆರೇ ವೋಲ್ಟಿನದು, ವಾಲ್ವುಗಳಿಗೆ ಬೇಕಾದದ್ದು ಇನ್ನೂರರ ಆಸುಪಾಸಿನ ವೋಲ್ಟು. ನಡುವೆ ವೈಬ್ರೇಟರ್ ಎಂಬ ಪುಟ್ಟ ಡಬ್ಬಿ ವಿದ್ಯುತ್ತನ್ನು ಪಟಪಟ ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ಏರಿಸುತ್ತದೆ. ಹಚ್ಚಿದೊಡನೆ ಕೇಳುವ ಜೇನಿನಂಥ ಗುಂಯ್ ಸದ್ದು ಅದರದೇ. ಬ್ಯಾಟರಿಯನ್ನು ಅದು ಕುಡಿದುಹಾಕುತ್ತಿತ್ತು.

ಈ ರೇಡಿಯೋ ಇಷ್ಟು ವರ್ಷ ಸುಮ್ಮನಿರಲು ಕಾರಣವೂ ಇಲ್ಲೇ ಇದೆ. ಆ ಕಾಲದ ಡಾಡ್ಜ್‌ಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಚಾಸಿಗೆ ಕಟ್ಟುತ್ತಿದ್ದರು. ಈಗಿನ ಗಾಡಿಗಳಲ್ಲಿ ಚಾಸಿಗೆ ಋಣ ತುದಿ, ವೋಲ್ಟು ಹನ್ನೆರಡು. ಯಾವಾಗಲೋ ಗೆಳೆಯನ ಗಾಡಿಗೂ ಹನ್ನೆರಡು ವೋಲ್ಟಿನ ಬ್ಯಾಟರಿ ಬಂತು, ಹೆಡ್‌ಲೈಟ್ ಚೆನ್ನಾಗಿ ಉರಿಯತೊಡಗಿತು, ರೇಡಿಯೋದ ತಂತಿ ಕಿತ್ತಿಟ್ಟರು. ಅದು ಕೆಟ್ಟಿದೆ ಎಂದು ಎಲ್ಲರೂ ನಂಬಿದ್ದಾರೆ. ಅದು ಕೆಟ್ಟಿದೆಯೋ, ಬರೀ ಅನ್ನ ನಿಂತದ್ದೋ ಎಂದು ಇದುವರೆಗೆ ಯಾರೂ ಪರೀಕ್ಷಿಸಿಲ್ಲ. ಕೊಯ್ಯುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಇದು ಎಂದು ನನಗನ್ನಿಸುತ್ತದೆ.

"ಸರಿ, ರಿಪೇರಿ ಆಯ್ತು ಅಂತಿಟ್ಟುಕೋ. ಕೇಳುದೆಂತ?" ಎಂದು ಗೆಳೆಯ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಮಧ್ಯಮ ತರಂಗಾಂತರದ ಕಾಲ ಇಳಿಮುಖವಾಗಿದೆ. ಮೊಬೈಲ್ ಚಾರ್ಜರುಗಳು, ಎಲ್‌ಇಡಿ ದೀಪಗಳು ಎಬ್ಬಿಸುವ ಗದ್ದಲದಲ್ಲಿ ಫೋರ್ಟಿನಂಥ ಜಾಗದಲ್ಲಿ ದೂರದ ಸ್ಟೇಷನ್ನು ಹಿಡಿಯುವುದು ಕಷ್ಟ. ಧಾರವಾಡ ಬೇಕಾದವರಿಗೆ ಅದು ಫೋನಿನಲ್ಲೇ ಸ್ವಚ್ಛವಾಗಿ ಸಿಗುತ್ತದೆ. ಬರೀ ಉಪಯೋಗದ ತಕ್ಕಡಿಯಲ್ಲಿ ತೂಗಿದರೆ ನಾನು ಸೋಲುತ್ತೇನೆ, ಒಪ್ಪಿದೆ.

ಆದರೆ ನಾವು ಗೋಷ್ಠಿ ಮಾಡುತ್ತ ನಿಂತದ್ದು ಎಲ್ಲಿ? ಫೋರ್ಟಿನಲ್ಲಿ. ಬರೀ ಉಪಯೋಗದ ತಕ್ಕಡಿ ಹಿಡಿದಿದ್ದರೆ ಈ ಭಾಗದ ಅರ್ಧ ಕಟ್ಟಡಗಳು ಇವತ್ತು ಇರುತ್ತಿರಲಿಲ್ಲ. 1995ರಲ್ಲಿ ಮುಂಬಯಿಗೆ ಪಾರಂಪರಿಕ ಕಟ್ಟಡಗಳ ನಿಯಮಾವಳಿ ಬಂತು. ದೇಶದ ಮಟ್ಟಿಗೆ ಅಂಥವುಗಳಲ್ಲಿ ಮೊದಲನೆಯದು. ಅದು ಎಲ್ಲವನ್ನೂ ಮುಟ್ಟಬೇಡಿ ಎನ್ನಲಿಲ್ಲ. ಕಟ್ಟಡಗಳನ್ನು ದರ್ಜೆಗಳಾಗಿ ವಿಂಗಡಿಸಿತು. ಮೊದಲ ದರ್ಜೆಯದಕ್ಕೆ ಬಿಗಿ ಕಾವಲು, ಕೆಳಗಿನ ದರ್ಜೆಗಳಿಗೆ ಒಳಗಡೆ ಬೇಕಾದ ಬದಲಾವಣೆಗೆ ಅವಕಾಶ. ಹಳೆಯ ಕಟ್ಟಡದ ಒಳಗೆ ಎ.ಸಿ. ಇದೆ, ಲಿಫ್ಟ್ ಇದೆ, ಕಂಪ್ಯೂಟರ್ ಇದೆ. ಹೊರಗಿನ ಕಲ್ಲು ಮಾತ್ರ ಹಾಗೇ ಇದೆ.

ಇದಕ್ಕಿಂತ ಹತ್ತಿರದ ಉದಾಹರಣೆ ದಾದಾಭಾಯಿ ನವರೋಜಿ ರಸ್ತೆಯದು. ಫ್ಲೋರಾ ಫೌಂಟನ್ನಿನಿಂದ ಬೋರಿಬಂದರದ ಕಡೆಗೆ ಹೋಗುವ ಆ ರಸ್ತೆಯ ಎರಡೂ ಕಡೆ ಕಮಾನುಗಳ ಸಾಲು. ತೊಂಬತ್ತರ ದಶಕದ ಹೊತ್ತಿಗೆ ಅಂಗಡಿಗಳ ಬೋರ್ಡುಗಳು ಒಂದರ ಮೇಲೊಂದು ಬಿದ್ದು ಕಮಾನುಗಳೇ ಕಾಣದಂತಾಗಿದ್ದವು. ಆಮೇಲೆ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ಮುಂದಾಳತ್ವದಲ್ಲಿ ಒಂದು ಕೆಲಸ ನಡೆಯಿತು. ಬೋರ್ಡು ಇರಲಿ, ಆದರೆ ಕಮಾನಿನ ಒಳಗೆ ಕೂರುವಷ್ಟೇ ಇರಲಿ ಎಂದರು. ಮೊದಮೊದಲು ವ್ಯಾಪಾರ ಬಿದ್ದುಹೋಗುತ್ತದೆಂಬ ಭಯವಿತ್ತು. ಬೋರ್ಡುಗಳು ಕಮಾನಿನೊಳಗೆ ಸರಿದವು, ಅಂಗಡಿಗಳು ಮುಚ್ಚಲಿಲ್ಲ, ರಸ್ತೆಗೆ ಮುಖ ಮರಳಿತು. 2004ರಲ್ಲಿ ಯುನೆಸ್ಕೊ ಅದನ್ನು ಗೌರವಿಸಿತು.

ಗೆಳೆಯನ ಡ್ಯಾಶ್‌ಬೋರ್ಡಿಗೆ ನನಗೆ ಬೇಕಾದ ನಿಯಮವೂ ಇಷ್ಟೇ. ಕಮಾನನ್ನು ಬೋರ್ಡಿಗೆ ತಕ್ಕಂತೆ ಒಡೆಯಬೇಡ, ಬೋರ್ಡನ್ನು ಕಮಾನಿಗೆ ತಕ್ಕಂತೆ ಮಾಡು.

ಸರ್ಕಾರದ ಕಾನೂನು ಈ ವಿಷಯದಲ್ಲಿ ನಮಗೆ ದೊಡ್ಡ ಸಹಾಯ ಮಾಡುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಿಂಟೇಜ್ ವಾಹನಗಳಿಗೆ 'ವಿಎ' ಅಕ್ಷರಗಳ ಬೇರೆ ನೋಂದಣಿ ತಂದಿತು. ಗಾಡಿ ಮೂಲ ರೂಪದಲ್ಲಿರಬೇಕು ಎನ್ನುವ ಆ ನಿಯಮ ಮುಖ್ಯವಾಗಿ ನೋಡುವುದು ಚಾಸಿ, ಮೈಕಟ್ಟು ಮತ್ತು ಎಂಜಿನ್ನನ್ನು. ರೇಡಿಯೋ, ಮೀಟರು, ಸೀಟಿನ ಬಟ್ಟೆ ಇವೆಲ್ಲ ಮಾಲೀಕನ ಮರ್ಜಿಗೆ ಬಿಟ್ಟದ್ದು. ಅದೂ ಸ್ವಂತ ಬಳಕೆಯ ಗಾಡಿಗಳಿಗೆ ಮಾತ್ರ. ತರಕಾರಿ ಹೊತ್ತ, ಪ್ರಯಾಣಿಕರನ್ನು ಹೊತ್ತ ದುಡಿಯುವ ಗಾಡಿಗಳ ಬಗ್ಗೆ ಯೋಚನೆ ಕಡಿಮೆ.

ಅದರ ಪರಿಣಾಮ ನಮ್ಮ ಕಣ್ಣೆದುರೇ ಇದೆ. ಅದೇ ಪ್ರೀಮಿಯರ್ ಕಂಪನಿಯ ಪದ್ಮಿನಿ ಟ್ಯಾಕ್ಸಿಗಳು ಈ ಫೋರ್ಟಿನ ರಸ್ತೆಗಳಲ್ಲಿ ಇರುವೆಯ ಸಾಲಿನಂತೆ ಓಡಾಡುತ್ತಿದ್ದವು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಅವು ಅಧಿಕೃತವಾಗಿ ರಸ್ತೆಯಿಂದ ಇಳಿದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸುಗಳೂ ಹೋದವು. ಆ ದಿನಗಳಲ್ಲಿ ಎಲ್ಲರೂ ಫೋಟೋ ತೆಗೆದು ಹಾಕಿದರು, ಕಣ್ಣೊರೆಸಿಕೊಂಡರು. ಈಗ ಒಂದು ದುಡಿದ ಟ್ಯಾಕ್ಸಿಯ ಒಳಭಾಗ ಹೇಗಿತ್ತು, ಸ್ಟೀರಿಂಗಿನ ಪಕ್ಕದ ಗೇರು, ದೇವರ ಫೋಟೋ, ಡ್ಯಾಶ್‌ಬೋರ್ಡಿನ ರೇಡಿಯೋ ಎಲ್ಲಾ ಸೇರಿ ಹೇಗೆ ಕಾಣುತ್ತಿತ್ತು ಎಂದು ಮಕ್ಕಳಿಗೆ ತೋರಿಸಬೇಕೆಂದರೆ ಹುಡುಕಬೇಕು. ರಾಜರ ರೋಲ್ಸ್ ರಾಯ್ಸನ್ನು ಕಾಪಾಡುವವರು ಇದ್ದಾರೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನು ನಮ್ಮಲ್ಲಿ ಬಹಳ ಮಂದಿ ನೋಡಿದ್ದೇವೆ. ಹೋಟೆಲಿನ ತರಕಾರಿ ಗಾಡಿಯನ್ನು ಕಾಪಾಡುವವರು ಯಾರು? ಅದರ ಮಾಲೀಕನೇ. ಬೇರೆ ಯಾರೂ ಬರುವುದಿಲ್ಲ.

ರೇಡಿಯೋದಂಥ ವಸ್ತು ಹಗುರವಾಗಿ ಬಂದದ್ದೂ ಅಲ್ಲ. 1980ರ ದಶಕದವರೆಗೂ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ವರ್ಷ ವರ್ಷ ದುಡ್ಡು ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. ಫೋರ್ಟಿನವರಿಗೆ ಹತ್ತಿರದ ಅಂಚೆ ಕಚೇರಿ ಎಂದರೆ ಜಿ.ಪಿ.ಒ. ಅದರ ಗುಮ್ಮಟ ನೋಡಿದ ನಮ್ಮೂರಿನವರಿಗೆ ಬಿಜಾಪುರ ನೆನಪಾದರೆ ತಪ್ಪಿಲ್ಲ, ಗೋಲಗುಮ್ಮಟವೇ ಅದಕ್ಕೆ ಮಾದರಿ. ಆಕಾಶವಾಣಿ ಎಂಬ ಹೆಸರಿಗೂ ನಮ್ಮ ನಂಟಿದೆ: 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದ ಶುರುಮಾಡಿದ ಪುಟ್ಟ ಬಾನುಲಿ ಕೇಂದ್ರದ ಹೆಸರದು. ಒಂದು ಹೋಟೆಲು ಗಾಡಿಯಲ್ಲಿ ರೇಡಿಯೋ ಇತ್ತೆಂದರೆ ಯಾರೋ ಯೋಚಿಸಿ, ಹೆಚ್ಚಿಗೆ ದುಡ್ಡು ಕೊಟ್ಟು ಹಾಕಿಸಿದ್ದಾರೆ ಎಂದರ್ಥ. ಮೂಟೆ ಹೊರುವ ಗಾಡಿಗೆ ಅದರ ಅಗತ್ಯವಿರಲಿಲ್ಲ. ಅದನ್ನು ಹಾಕಿಸಿದ ಮನುಷ್ಯನ ಮನಸ್ಸು ಆ ತೂತಿನಲ್ಲಿದೆ.

ಹಾಗಾದರೆ ಮಗನ ಬ್ಲೂಟೂತ್? ಅದಕ್ಕೆ ದಾರಿಗಳಿವೆ. ಇವು ಯಾವುದೂ ನನ್ನ ಕಂಡುಹಿಡಿತವಲ್ಲ, ಹಳೆಯ ಗಾಡಿ ನೋಡಿಕೊಳ್ಳುವವರು ಮಾಡುತ್ತಲೇ ಬಂದಿರುವುದು.

ಒಂದು, ರೇಡಿಯೋವನ್ನು ಅಲ್ಲೇ ಬಿಟ್ಟು ಬೆಂಕಿಪೊಟ್ಟಣಗಳ ಕಟ್ಟಿನಷ್ಟು ದೊಡ್ಡ ಬ್ಲೂಟೂತ್ ಆಂಪ್ಲಿಫೈಯರನ್ನು ಸೀಟಿನ ಕೆಳಗೆ ಇಡುವುದು. ಸ್ಪೀಕರುಗಳೂ ಅಲ್ಲೇ. ಕಣ್ಣಿಗೆ ಏನೂ ಕಾಣುವುದಿಲ್ಲ, ಫೋನು ಹಾಡುತ್ತದೆ. ಗಾಡಿಗೆ ಈಗಾಗಲೇ ಹನ್ನೆರಡು ವೋಲ್ಟಿನ ಬ್ಯಾಟರಿ ಇರುವುದರಿಂದ ಇದು ಸುಲಭ. ನನ್ನ ಮತ ಇದಕ್ಕೆ.

ಎರಡು, ಮೂಲ ರೇಡಿಯೋದ ಮುಖ, ತಿರುಗುಣಿ ಉಳಿಸಿಕೊಂಡು ಹೊಟ್ಟೆಯೊಳಗಿನದನ್ನು ತೆಗೆದು ಹೊಸ ಸರ್ಕ್ಯೂಟ್ ತುಂಬುವುದು. ಚಂದ ಕಾಣುತ್ತದೆ, ಆದರೆ ಕೆಲಸ ಮಾಡಬಹುದಾಗಿದ್ದ ರೇಡಿಯೋ ಒಂದು ಸಾಯುತ್ತದೆ. ರಿಪೇರಿಗೆ ಮೀರಿದ್ದಾದರೆ ಮಾತ್ರ ಸರಿ.

ಮೂರು, ರೇಡಿಯೋ ಬಿಚ್ಚಿಟ್ಟು ಅದೇ ತೂತಿಗೆ, ಅದೇ ತಿರುಗುಣಿಗಳ ಅಂತರಕ್ಕೆ ಹೊಂದುವ ಹೊಸ ಸೆಟ್ಟು ಹಾಕುವುದು. ಹಳೆಯ ಡ್ಯಾಶ್‌ಬೋರ್ಡುಗಳಿಗೆಂದೇ ಅಂಥವನ್ನು ಮಾಡುವವರಿದ್ದಾರೆ. ದುಡ್ಡು ಹೆಚ್ಚು, ಆದರೆ ತಗಡಿಗೆ ಗರಗಸ ತಾಗುವುದಿಲ್ಲ.

ಬಿಚ್ಚುವುದೇ ಆದರೆ ನಿಧಾನವಾಗಿ ಬಿಚ್ಚಬೇಕು. ಮೊದಲು ಬ್ಯಾಟರಿಯ ತಂತಿ ಕಳಚಿ. ಹಿಂದುಗಡೆಯ ಒಂದೊಂದು ತಂತಿಯ ಫೋಟೋ ತೆಗೆದು ಚೀಟಿ ಕಟ್ಟಿ. ತಿರುಗುಣಿ ಎಳೆದರೆ ಬರುತ್ತದೆ. ಅದರ ಹಿಂದೆ ನಟ್ಟು, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ರೇಡಿಯೋದ ಬೆನ್ನಿಗೆ ಆಧಾರವಾಗಿ ಒಂದು ಪಟ್ಟಿ. ಆ ಪಟ್ಟಿ ಬಿಚ್ಚುವಾಗ ಇನ್ನೊಬ್ಬರು ಕೆಳಗೆ ಕೈ ಕೊಟ್ಟಿರಬೇಕು, ವಾಲ್ವ್ ರೇಡಿಯೋ ಇಟ್ಟಿಗೆಯಂತೆ ಭಾರ. ಆಂಟೆನಾದ ತಂತಿಯನ್ನು ಜಗ್ಗಬಾರದು. ಎಷ್ಟೋ ವರ್ಷ ಮಲಗಿದ್ದ ರೇಡಿಯೋಗೆ ಸುಮ್ಮನೆ "ನೋಡುವಾ" ಎಂದು ವಿದ್ಯುತ್ ಕೊಡಬಾರದು. ಒಣಗಿದ ಕೆಪಾಸಿಟರುಗಳು ಸಿಡಿದು ಒಳ್ಳೆಯ ಭಾಗಗಳನ್ನೂ ಸುಡಬಹುದು. ಸ್ಪೀಕರ್ ಜೋಡಿಸದೆ ಹಚ್ಚುವುದಂತೂ ಬೇಡವೇ ಬೇಡ. ಒಳಗೆ ಇನ್ನೂರು ವೋಲ್ಟು ಇರುತ್ತದೆ ಎಂಬುದನ್ನು ಮರೆಯದೆ, ಗೊತ್ತಿದ್ದವರ ಕೈಗೇ ಕೊಡಿ.

ಬಿಚ್ಚಿದ್ದನ್ನು ಗುಜರಿಗೆ ಹಾಕಬೇಡಿ, ಚೋರ್ ಬಜಾರಿಗೂ ಕೊಡಬೇಡಿ. ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಈ ಊರಿನ ಮಳೆಗಾಲದ ತೇವ ತಾಗದ ಕಡೆ, ನಟ್ಟು ಬೋಲ್ಟು ಸಮೇತ ಇಡಿ. ಯಾವ ಗಾಡಿಯದು, ಯಾವಾಗ ಬಿಚ್ಚಿದ್ದು, ಯಾಕೆ ಎಂದು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದಿನ ಸಾರವೂ ಇದೇ: ಬದಲಾವಣೆ ಮಾಡಲೇಬೇಕಾದರೆ ಹಿಂದಕ್ಕೆ ತರಬಹುದಾದ ಬದಲಾವಣೆ ಮಾಡಿ, ತೆಗೆದ ಮೂಲ ಭಾಗವನ್ನು ಗಾಡಿಯ ಜೊತೆಗೇ ಉಳಿಸಿ.

ಇದರ ಹಿಂದಿನ ತರ್ಕ ಸರಳ. ಮಗನ ಇವತ್ತಿನ ಬ್ಲೂಟೂತ್ ಇನ್ನು ಹತ್ತು ವರ್ಷಕ್ಕೆ ಹಳತಾಗುತ್ತದೆ. ಕ್ಯಾಸೆಟ್ಟಿಗಾಗಿ ಡ್ಯಾಶ್‌ಬೋರ್ಡ್ ಕೊಯ್ದವರು ಸಿ.ಡಿ. ಬಂದಾಗ ಪೆಚ್ಚಾದರು, ಸಿ.ಡಿ.ಯವರು ಯು.ಎಸ್.ಬಿ. ಬಂದಾಗ. ಪ್ರತಿಯೊಂದು ಹೊಸದೂ ಕಾಯಂ ಎಂಬ ಭಂಗಿಯಲ್ಲೇ ಬರುತ್ತದೆ. ಕಾಯಂ ಆಗಿ ಉಳಿಯುವುದು ಕೊಯ್ದ ಗಾಯ ಒಂದೇ. ನಾಳೆ ಆ ಹುಡುಗನೇ ಐವತ್ತರ ಗಂಡಸಾಗಿ ಅಜ್ಜಮಾವನ ರೇಡಿಯೋ ಕೇಳಬೇಕೆಂದು ಬಯಸಬಹುದು. ಬಯಸದೆಯೂ ಇರಬಹುದು. ಆ ತೀರ್ಮಾನ ಅವನದಾಗಲಿ. ಅಂಗಡಿಯವನ ಗರಗಸ ಅದನ್ನು ಅವನಿಗಿಂತ ಮೊದಲೇ ತೀರ್ಮಾನಿಸುವುದು ಬೇಡ.

ಇದನ್ನೆಲ್ಲ ಆ ಭಾನುವಾರ ಹೇಳಲು ನನಗೆ ಬರಲಿಲ್ಲ. ಮೊನ್ನೆ ಫೋನಿನಲ್ಲಿ ಹೇಳಿದೆ. ಗೆಳೆಯ ಪೂರ್ತಿ ಕೇಳಿದ. ಕೊನೆಗೆ, "ಕೊಯ್ಯುದು ಬೇಡ ಅಂತ ಅಂಗಡಿಯವನಿಗೆ ಹೇಳಿದ್ದೇನೆ. ಸೀಟಿನ ಕೆಳಗೆ ಇಡುದು ಎಷ್ಟಾಗ್ತದೆ ಕೇಳಿ ಹೇಳು" ಎಂದ. ಮಾವನ ರೇಡಿಯೋವನ್ನು ಯಾರಿಗೆ ತೋರಿಸುವುದು ಎಂದೂ ಕೇಳಿದ. ಲ್ಯಾಮಿಂಗ್ಟನ್ ರೋಡಿನ ಆಸುಪಾಸಿನಲ್ಲಿ ವಾಲ್ವ್ ಸೆಟ್ಟು ಬಿಚ್ಚಬಲ್ಲ ಹಿರಿಯರು ಇನ್ನೂ ಯಾರಾದರೂ ಇದ್ದರೆ, ನಿಮಗೆ ಗೊತ್ತಿದ್ದರೆ, ಈ ಮೇಲ್‌ಗೆ ಉತ್ತರ ಬರೆಯಿರಿ. ಅವನಿಗೆ ತಲುಪಿಸುತ್ತೇನೆ.